ಬೋರ್ಡಣ್ಣ ಒರೆಸಿದ ಹೆಸರು

ಎಲ್ಲಕ್ಕೂ ಮೂಲ ಒಂದು ಸೊನ್ನೆ. ಸಚಿವರ ಕೋಣೆಯ ಬಾಗಿಲ ಮೇಲಿನ ಕಪ್ಪು ಹಲಗೆಯಲ್ಲಿ ಹಳದಿ ಅಕ್ಷರದಲ್ಲಿ ಬರೆದಿದ್ದ ಅವರ ಹೆಸರಿನ ನಟ್ಟನಡುವಿನ ಸೊನ್ನೆ ರಾತ್ರಿ ಯಾವಾಗಲೋ ಚಕ್ಕೆಯೆದ್ದು ಉದುರಿಹೋಗಿತ್ತು. ಅದು ಹೋದ ಮೇಲೆ ಹೆಸರು ಮುಂದಿನ ಹಲ್ಲು ಬಿದ್ದ ಮುದುಕನ ಹಾಗೆ ಕಾಣುತ್ತಿತ್ತು.

"ಇವತ್ತೇ ಬೀಳಬೇಕಿತ್ತಾ ಇದು?" ಎಂದು ಆಪ್ತ ಕಾರ್ಯದರ್ಶಿ ಹಣೆ ಚಚ್ಚಿಕೊಂಡರು. "ಸಂಜೆ ಐದಕ್ಕೆ ಸಂಪುಟ ಬದಲಾವಣೆ. ಫೋಟೋದವರು ಸಾಲುಗಟ್ಟಿ ಬರ್ತಾರೆ. ಎಲ್ಲಿ ಆ ಬೋರ್ಡಣ್ಣ?"

ಬೋರ್ಡಣ್ಣ ನೆಲಮಾಳಿಗೆಯಲ್ಲಿದ್ದ. ಆರು ಅಂತಸ್ತಿನ ಆ ಕಚೇರಿಯಲ್ಲಿ ಯಾರ ಬಾಗಿಲ ಮೇಲೆ ಯಾರ ಹೆಸರಿದ್ದರೂ ಅದನ್ನು ಬರೆದವನು ಅವನೇ. ಅವನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ, ಹಾಜರಿ ಪುಸ್ತಕದಲ್ಲಿ ಕೂಡ. ಏಕೆಂದರೆ ಅವನು ದಿನಗೂಲಿ. ಅವನನ್ನು ಖಾಯಂ ಮಾಡಬೇಕೆಂಬ ಕಡತವೊಂದು ಹುಟ್ಟಿ ವರ್ಷಗಳೇ ಕಳೆದಿದ್ದವು. ಅದು ಆರು ಅಂತಸ್ತನ್ನೂ ಹತ್ತಿ ಇಳಿದು, ಕಟ್ಟಡವನ್ನು ಅವನಿಗಿಂತ ಚೆನ್ನಾಗಿ ನೋಡಿ, ಕಡೆಗೂ ಹೋದ ವಾರ ಸಚಿವರ ಮೇಜಿಗೆ ಬಂದು ಕೂತಿತ್ತು. ಇನ್ನು ಬೇಕಿದ್ದುದು ಒಂದೇ ಒಂದು ಸಹಿ.

"ಇವತ್ತೂ ಸಹಿ ಆಗಿಲ್ಲ ಅಂದ್ಕೊಂಡು ಮನೆಗೆ ಬರಬೇಡಿ," ಎಂದಿದ್ದಳು ಹೆಂಡತಿ ಬೆಳಿಗ್ಗೆ. "ಆ ಏಣಿ ಮೇಲೇ ಹಾಸಿಗೆ ಹಾಸ್ಕೊಳಿ."

ಆ ಸಚಿವರನ್ನು ಕಟ್ಟಡದವರೆಲ್ಲ ದೊಡ್ಡವರು ಎನ್ನುತ್ತಿದ್ದರು. ಪ್ರಧಾನಿಗಳು ಆರು ಜನ ಬಂದರು, ಹೋದರು. ದೊಡ್ಡವರು ಬಂದರು, ಹೋಗಲಿಲ್ಲ. ಸರ್ಕಾರ ಬಿದ್ದ ದಿನ ಬಿದ್ದವರ ಜೊತೆ ಊಟ ಮುಗಿಸಿ, ಕೈ ತೊಳೆದುಕೊಂಡು, ಸಂಜೆ ಎದ್ದವರ ಜೊತೆ ಕಾಫಿ ಕುಡಿದವರು ಅವರೊಬ್ಬರೇ. ಮೊದಲು ಸಿಕ್ಕಿದ್ದು ಮೀನುಗಾರಿಕೆ. ಆಗ "ಸಮುದ್ರವೇ ನನ್ನ ತಾಯಿ" ಎಂದು ಭಾಷಣ ಮಾಡಿದರು. ಗಣಿ ಖಾತೆಗೆ ಬಂದಾಗ ಭೂಮಿ ತಾಯಿಯಾದಳು. ವಿಮಾನಯಾನ ಕೊಟ್ಟಾಗ, ಇದ್ದಬದ್ದ ತಾಯಂದಿರೆಲ್ಲ ಮುಗಿದುಹೋಗಿದ್ದರಿಂದ, "ಆಕಾಶವೇ ನನ್ನ ದೊಡ್ಡಮ್ಮ" ಎಂದುಬಿಟ್ಟರು. ಹೀಗೆ ಹನ್ನೊಂದು ಖಾತೆಗಳಾದವು. ಪ್ರತಿ ಸಲವೂ ಬೋರ್ಡಣ್ಣ ಹಲಗೆಯ ಕೆಳಗಿನ ಸಾಲನ್ನು ಒರೆಸಿ ಹೊಸ ಖಾತೆ ಬರೆಯುತ್ತಿದ್ದ. ಮೇಲಿನ ಹೆಸರಿನ ಸಾಲಿಗೆ ಮಾತ್ರ ಬಟ್ಟೆ ತಾಗಿಸಿದವನಲ್ಲ. ಅದು ಕಟ್ಟಡದ ಕಂಬವಿದ್ದ ಹಾಗೆ. ಅದನ್ನು ಮುಟ್ಟಿದರೆ ಸೂರು ಕೆಳಗೆ ಬರುತ್ತದೆಂಬ ನಂಬಿಕೆ ಎಲ್ಲರಲ್ಲೂ ಇತ್ತು.

ಆ ಹೆಸರು ಬರೆದ ಮೇಲೆ ಅವತ್ತೇ ಮೊದಲ ಸಲ ಅವನು ಮೇಲಿನ ಸಾಲಿಗೆ ಕೈ ಹಚ್ಚಿದ. ಏಣಿ ಹತ್ತಿ, ತೆಳು ಕುಂಚವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಸೊನ್ನೆ ಇದ್ದ ಜಾಗವನ್ನು ಮೆಲ್ಲಗೆ ಉಜ್ಜುತ್ತಿದ್ದ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಲಿಫ್ಟಿನವನು ತಲೆ ಹೊರಗೆ ಹಾಕಿದ. ಇಡೀ ದಿನ ಮೇಲಕ್ಕೂ ಕೆಳಕ್ಕೂ ಹೋಗುವ ಆ ಮನುಷ್ಯ ಎಲ್ಲ ಅಂತಸ್ತಿಗೂ ಸುದ್ದಿಯನ್ನು ಪುಕ್ಕಟೆ ಸಾಗಿಸುತ್ತಿದ್ದ.

"ಏನ್ ಬೋರ್ಡಣ್ಣ! ಹೆಸರನ್ನೇ ಒರೆಸ್ತಿದೀಯಾ?"

ಬೋರ್ಡಣ್ಣನ ಬಾಯಲ್ಲಿ ಕುಂಚ. "ಮ್ಮ್," ಎಂದ.

"ಅಂದ್ರೆ ದೊಡ್ಡವ್ರು ಹೋದ್ರಾ?"

"ಮ್ಮ್ ಮ್ಮ್!" ಎಂದು ಬೋರ್ಡಣ್ಣ ಜೋರಾಗಿ ತಲೆ ಅಲ್ಲಾಡಿಸಿದ. ಅಲ್ಲ ಅನ್ನುವುದು ಅವನ ಅರ್ಥ. ಆದರೆ ಏಣಿ ಅಲುಗಿದ್ದರಿಂದ ತಲೆ ಅಡ್ಡಕ್ಕೂ ಹೋಯಿತು, ಉದ್ದಕ್ಕೂ ಹೋಯಿತು. ಲಿಫ್ಟಿನವನು ತನಗೆ ಬೇಕಾದ ದಿಕ್ಕನ್ನು ಆರಿಸಿಕೊಂಡು ಬಾಗಿಲು ಎಳೆದುಕೊಂಡ. ಬೋರ್ಡಣ್ಣ ಸೊನ್ನೆ ಬರೆದು, ಏಣಿ ಇಳಿದು, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಆ ಮಾತನ್ನು ಅಲ್ಲೇ ಮರೆತು ಚಹಾ ಕುಡಿಯಲು ಹೊರಟ.

ಕ್ಯಾಂಟೀನಿಗೆ ಕಾಲಿಡುವಾಗ ಹನ್ನೊಂದೂವರೆ. ಅಲ್ಲಿ ಯಾರ ಕೈಯಲ್ಲಿಯೂ ಲೋಟ ಇರಲಿಲ್ಲ, ಎಲ್ಲರ ಬಾಯಲ್ಲೂ ಮಾತಿತ್ತು. ಟೈಪಿಸ್ಟ್ ಅಕ್ಕ ಅವನ ತೋಳು ಹಿಡಿದು ಮೂಲೆಗೆ ಎಳೆದಳು.

"ಗೊತ್ತಾಯ್ತಾ? ದೊಡ್ಡವ್ರನ್ನ ಕೈಬಿಟ್ಟಿದಾರಂತೆ!"

"ಯಾರು ಹೇಳಿದ್ದು ಅಕ್ಕಾ?"

"ಯಾರು ಅಂತ ಹೇಳ್ಲಿ? ಇಡೀ ಕಟ್ಟಡ ಹೇಳ್ತಿದೆ. ಎರಡನೇ ಅಂತಸ್ತಿನವ್ರಿಗೆ ನಾಲ್ಕನೇ ಅಂತಸ್ತಿನಿಂದ ಬಂತು. ಅವ್ರಿಗೆ ಹೇಳಿರೋದು ದೊಡ್ಡವ್ರ ಬಾಗಿಲಿಗೆ ತೀರಾ ಹತ್ತಿರ ಇರೋ ಒಬ್ಬ ಮನುಷ್ಯನಂತೆ. ಕಣ್ಣಾರೆ ಕಂಡೋನು."

"ಅಷ್ಟು ಹತ್ತಿರ ಇರೋನು ಹೇಳಿದ್ಮೇಲೆ ಸುಳ್ಳಿರಲ್ಲ," ಎಂದ ಬೋರ್ಡಣ್ಣ. ದೊಡ್ಡವರು ಹೋದರೆ ಹೋಗಲಿ, ಅವರಿಗೆ ಮನೆಯಿದೆ, ಮಠವಿದೆ. ಸಹಿಯಿಲ್ಲದೆ ಕಡತ ಅನಾಥವಾದರೆ? ಹೊಸ ಸಚಿವರು ಬಂದು, "ಇದೇನು, ಹಳಬರ ಕಾಲದ್ದಾ? ಮೊದಲಿಂದ ಬರಲಿ," ಎಂದು ನೆಲಮಾಳಿಗೆಗೆ ಅಟ್ಟಿದರೆ? ಅದು ಮತ್ತೆ ಆರು ಅಂತಸ್ತು ಹತ್ತುವಷ್ಟರಲ್ಲಿ ಬೋರ್ಡಣ್ಣನ ಫೋಟೋ ಅವನ ಮನೆಯ ಗೋಡೆ ಹತ್ತಿರುತ್ತದೆ.

ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದ.

ಬಾಗಿಲಲ್ಲಿ ಜವಾನ ಅಡ್ಡ ಕೂತಿದ್ದ. "ಒಳಗೆ ಯಾರನ್ನೂ ಬಿಡಬೇಡ ಅಂದಿದಾರೆ."

"ಒಂದೇ ನಿಮಿಷ ಮಾರಾಯಾ. ಒಂದು ಸಹಿ."

ಜವಾನ ಸುತ್ತ ನೋಡಿ ದನಿ ತಗ್ಗಿಸಿದ. "ಸಹಿ ಗಿಹಿ ಇರ್ಲಿ. ಒಳಗಿನ ಅವಸ್ಥೆ ನೋಡಿದ್ರೆ ನಿನ್ನ ಕರುಳು ಕಿತ್ತು ಬರುತ್ತೆ. ಬೆಳಿಗ್ಗೆ ಒಂಬತ್ತರಿಂದ ಬಾಗಿಲು ಹಾಕ್ಕೊಂಡಿದಾರೆ. ಗೋಡೆ ಮೇಲಿನ ಫೋಟೋಗಳನ್ನೆಲ್ಲ ತಾವೇ ಇಳಿಸಿದಾರೆ. ಹಳೇ ಕಾಗದ ಹರಿದು ಹರಿದು ಬುಟ್ಟಿ ತುಂಬಿಸಿದಾರೆ. ನೀರು ಕೊಡೋಕೆ ಹೋದೆ, ನನ್ನ ಬೆನ್ನು ತಟ್ಟಿ 'ಚೆನ್ನಾಗಿರಪ್ಪಾ' ಅಂದ್ರು. ಇಷ್ಟು ವರ್ಷದಲ್ಲಿ ನನ್ನನ್ನ ಅವ್ರು ಅಪ್ಪಾ ಅಂದಿದ್ದು ಇದೇ ಮೊದಲು!"

ಇನ್ನು ಅನುಮಾನವೇ ಉಳಿಯಲಿಲ್ಲ. ಬೋರ್ಡಣ್ಣ ಆಪ್ತ ಕಾರ್ಯದರ್ಶಿಯ ಕೋಣೆಗೆ ನುಗ್ಗಿದ. ಅವರು ಫೋನಿಗೆ ಬಾಯಿ ಅಂಟಿಸಿಕೊಂಡು, "ಛೆ ಛೆ, ನಾನು ಯಾವತ್ತಿಂದ್ಲೂ ತಮ್ಮ ಕಡೆಯೇ ಸಾರ್. ಇಲ್ಲಿ ಸುಮ್ನೆ ದೇಹ ಇತ್ತು ಅಷ್ಟೇ," ಎನ್ನುತ್ತಿದ್ದರು. ಅದು ಇನ್ನೂ ಸಚಿವರಾಗದ, ಆದರೆ ಆಗಬಹುದಾದ ಯಾರಿಗೋ ಮಾಡಿದ ಐದನೆಯ ಕರೆ. ಯಾರೇ ಗೆದ್ದರೂ ಕುರ್ಚಿ ಉಳಿಯಲೆಂದು ಅವರು ಎಲ್ಲರಿಗೂ ಅದೇ ಮಾತನ್ನು ಹೇಳುತ್ತಿದ್ದರು.

"ಸಾರ್, ನನ್ನ ಕಡತ..."

"ಸುಮ್ನಿರಯ್ಯಾ! ಪ್ರಧಾನಿ ಕಚೇರಿಗೆ ಫೋನ್ ಮಾಡಿ ಕೇಳ್ದೆ. 'ಏನೂ ಹೇಳಕ್ಕಾಗಲ್ಲ' ಅಂದ್ರು. ಹೇಳಕ್ಕಾಗಲ್ಲ ಅಂದ್ರೆ ಏನರ್ಥ? ಹೇಳೋ ಹಾಗಿಲ್ಲ ಅಂತ. ಹೇಳೋ ಹಾಗಿಲ್ಲ ಅಂದ್ರೆ? ಮುಗೀತು ಅಂತ." ಅವರು ಗಡಿಯಾರ ನೋಡಿದರು. "ಮೂರು ಗಂಟೆಯೊಳಗೆ ಬೋರ್ಡು ಕ್ಲೀನಾಗಿರ್ಬೇಕು. ಹೊಸಬ್ರು ಬಂದಾಗ ಹಳೇ ಹೆಸರು ಕಂಡ್ರೆ ನನ್ನ ತಲೆ ಹೋಗುತ್ತೆ."

"ನಾನು ಒರೆಸ್ಲಾ ಸಾರ್? ಅವ್ರಿನ್ನೂ ಒಳಗೇ ಇದಾರಲ್ಲ!"

"ಅವ್ರು ಹಿಂದಿನ ಬಾಗಿಲಿಂದ ಹೋಗ್ತಾರೆ. ಹೋಗೋರೆಲ್ಲ ಹಿಂದಿನ ಬಾಗಿಲಿಂದಾನೇ ಹೋಗೋದು. ನಿನಗೆ ನಾಳೆನೂ ಕೂಲಿ ಬೇಕೋ ಬೇಡ್ವೋ?"

ಬೋರ್ಡಣ್ಣ ಮತ್ತೆ ಏಣಿ ಹತ್ತಿದ. ಕೆಳಗೆ ಜನ ಸೇರಿತು. ಒರೆಸುವವನು ಒಬ್ಬ, ಸಲಹೆ ಕೊಡುವವರು ಹದಿನೈದು. "ಬಲಗಡೆಯಿಂದ ಒರೆಸು," ಎಂದಳು ಟೈಪಿಸ್ಟ್ ಅಕ್ಕ. "ಒಂದೇ ಸಲ ಉಜ್ಜಿಬಿಡು, ಪಾಪ, ಜಾಸ್ತಿ ನೋಯಿಸ್ಬೇಡ," ಎಂದ ಜವಾನ, ಹಲ್ಲು ಕೀಳಿಸುವವರ ಪಕ್ಕ ನಿಂತವನಂತೆ. ತನ್ನ ಕೈಯಿಂದಲೇ ಬರೆದ ಅಕ್ಷರಗಳು ಒಂದೊಂದಾಗಿ ಬಟ್ಟೆಗೆ ಹತ್ತುತ್ತಿದ್ದರೆ ಬೋರ್ಡಣ್ಣನ ಕಣ್ಣಲ್ಲಿ ನೀರು ಬಂತು. ಅರ್ಧ ದುಃಖಕ್ಕೆ, ಅರ್ಧ ಟರ್ಪೆಂಟೈನಿಗೆ.

ಕೊನೆಯ ಅಕ್ಷರ ಒರೆಸಿದ್ದೇ ತಡ, ಬಾಗಿಲು ತೆರೆಯಿತು. ಹಿಂದಿನದಲ್ಲ, ಮುಂದಿನದು.

ದೊಡ್ಡವರು ಹೊರಗೆ ಬಂದರು. ಕೈಯಲ್ಲಿ ಒಂದು ಲಕೋಟೆ. ಮುಖದಲ್ಲಿ ರಜೆ ಸಿಕ್ಕ ಶಾಲಾ ಹುಡುಗನ ಕಳೆ. ಜನವನ್ನು ಕಂಡು ನಕ್ಕರು. ಏಣಿಯನ್ನು ಕಂಡರು. ಏಣಿಯ ಉದ್ದಕ್ಕೂ ಕಣ್ಣು ಹತ್ತಿಸಿ ಹಲಗೆಯನ್ನು ಕಂಡರು. ನಗು ಅಲ್ಲೇ ನಿಂತಿತು.

"ಯಾರು ಒರೆಸೋಕೆ ಹೇಳಿದ್ದು?"

ಆಪ್ತ ಕಾರ್ಯದರ್ಶಿಯ ಬೆರಳು ಮಿಂಚಿನಂತೆ ಬೋರ್ಡಣ್ಣನ ಕಡೆ ತಿರುಗಿತು. "ಇವನೇ ಸಾರ್! ಬೇಡ ಬೇಡ ಅಂದ್ರೂ ಕೇಳ್ಲಿಲ್ಲ."

"ಅಯ್ಯೋ, ನಾನಲ್ಲ ಸಾರ್!" ಬೋರ್ಡಣ್ಣ ಏಣಿಯ ಮೇಲಿಂದಲೇ ಕೂಗಿದ. "ತಾವು ಹೋದ್ರಿ ಅಂತ ಇಡೀ ಕಟ್ಟಡ ಹೇಳ್ತು. ಯಾರೋ ಕಣ್ಣಾರೆ ಕಂಡಿದಾನಂತೆ. ಬೇಕಾದ್ರೆ ಈ ಲಿಫ್ಟಿನವನನ್ನ ಕೇಳಿ!"

ಗುಂಪಿನಲ್ಲಿದ್ದ ಲಿಫ್ಟಿನವನಿಗೆ ರೇಗಿತು. "ನನ್ನನ್ಯಾಕೆ ಕೇಳೋದು? ನಾನು ಕಂಡಿದ್ದು ನಿನ್ನನ್ನೇ ಅಲ್ವೇನೋ! ಬೆಳಿಗ್ಗೆ ನೀನು ಹೆಸರು ಉಜ್ತಾ ಇದ್ದೆ. ಹೋದ್ರಾ ಅಂತ ನಾನು ಕೇಳ್ದೆ, ನೀನು ತಲೆ ಆಡಿಸ್ದೆ!"

ಬೆಳಿಗ್ಗೆ ತಾನೇ ಹಾರಿಸಿದ ಸುದ್ದಿ ಕಟ್ಟಡವನ್ನೆಲ್ಲ ಸುತ್ತಿ ಬಂದು ತನ್ನ ಕಿವಿಗೇ ಬಿದ್ದಿತ್ತು. ತಾನು ಅದರ ಗುರುತು ಹಿಡಿಯದೆ ನಂಬಿ ಕೂತಿದ್ದೆ ಎಂದು ಬೋರ್ಡಣ್ಣನಿಗೆ ಹೊಳೆಯಿತು. "ಸೊನ್ನೆ ಸಾರ್..." ಎಂದು ತೊದಲಿದ. "ಬರೀ ಒಂದು ಸೊನ್ನೆ ಬಿದ್ದುಹೋಗಿತ್ತು. ಅದನ್ನ ಬರೀತಿದ್ದೆ. ಅಷ್ಟೇ."

ಇಲ್ಲಿಗೆ ಎಲ್ಲವೂ ತಿಳಿಯಾಗಬೇಕಿತ್ತು. ಆದರೆ ದೊಡ್ಡವರು ಆರು ಪ್ರಧಾನಿಗಳನ್ನು ದಾಟಿ ಬಂದದ್ದು ಎದುರಿಗೆ ಕಂಡ ಕಾರಣವನ್ನು ನಂಬಿಕೊಂಡಲ್ಲ.

"ಸೊನ್ನೆಯಂತೆ ಸೊನ್ನೆ!" ಎಂದರು ಅವರು, ಕಣ್ಣು ಕಿರಿದು ಮಾಡಿ. "ಇದರ ಹಿಂದೆ ದೊಡ್ಡ ಕೈ ಇದೆ. ನೀನು ಅದರ ಕುಂಚ ಅಷ್ಟೇ. ನನಗೆ ಗೊತ್ತಾಗಲ್ವಾ?" ಕೈಯಲ್ಲಿದ್ದ ಲಕೋಟೆಯನ್ನು ಎತ್ತಿ ಹಿಡಿದರು. "ಇದೇನು ಗೊತ್ತೇನ್ರೀ ನಿಮಗೆಲ್ಲ? ನನ್ನ ರಾಜೀನಾಮೆ!"

ಜನ ಲಕೋಟೆ ನೋಡಲು ಮುಂದಕ್ಕೆ ನುಗ್ಗಿತು.

"ಹೌದು! ಯಾರಿಗೂ ಹೇಳಿರ್ಲಿಲ್ಲ, ಮನೆಯವಳಿಗೆ ಬಿಟ್ಟು. ಸಾಕಾಯ್ತು, ಮಂಡಿ ನೋವು, ಇನ್ನು ಮೊಮ್ಮಕ್ಕಳ ಜೊತೆ ಇರ್ತೀನಿ ಅಂತ ನಾನಾಗೇ ಬರೆದಿದ್ದೆ. ಮರ್ಯಾದೆಯಾಗಿ ಕೊಟ್ಟು ಹೋಗೋಣ ಅಂತ ಹೊರಟ್ರೆ, ಅಷ್ಟರೊಳಗೆ ಒರೆಸಿಬಿಡ್ತಾರಾ? ನಾನು ಹೋಗೋಕೆ ಮುಂಚೆ ನನ್ನ ಕಳಿಸ್ತಾರಾ?" ಲಕೋಟೆ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. "ಹೋಗಲ್ಲ! ಏನ್ ಮಾಡ್ಕೋತಾರೋ ಮಾಡ್ಕೊಳ್ಲಿ. ರೀ, ಮನೆಗೆ ಫೋನ್ ಮಾಡಿ, ಕಟ್ಟಿರೋ ಗಂಟುಮೂಟೆ ಬಿಚ್ಚೋಕೆ ಹೇಳಿ. ಆಮೇಲೆ ಪ್ರಧಾನಿಗೆ ಹಾಕಿ!"

"ನಾನು ಯಾವತ್ತಿಂದ್ಲೂ ತಮ್ಮ ಕಡೆಯೇ ಸಾರ್," ಎಂದು ಆಪ್ತ ಕಾರ್ಯದರ್ಶಿ ಓಡಿದರು.

ಪ್ರಧಾನಿಯ ಜೊತೆ ಮಾತು ನಡೆದದ್ದು ನಾಲ್ಕು ನಿಮಿಷ. ಮೂರೂಮುಕ್ಕಾಲು ನಿಮಿಷ ದೊಡ್ಡವರೇ ಮಾತಾಡಿದರು. ಕೊನೆಗೆ ಅತ್ತಲಿಂದ, "ತಮ್ಮನ್ನ ಬಿಡೋದಾ? ಯಾರು ಹೇಳಿದ್ದು ಸಾರ್? ತಮಗೆ ಇನ್ನೊಂದು ಖಾತೆ ಜಾಸ್ತಿ ಕೊಡೋಣ ಅಂತಿದ್ದೆ," ಎಂದು ಕೇಳಿಸಿತು.

ದೊಡ್ಡವರು ಹೊರಬಂದಾಗ ಮಂಡಿ ನೋವು ಎಲ್ಲಿಗೆ ಹೋಗಿತ್ತೋ, ನೆಟ್ಟಗೆ ನಡೆಯುತ್ತಿದ್ದರು. ಬೋರ್ಡಣ್ಣ ಏಣಿ ಇಳಿದು ಗೋಡೆಗೆ ಒರಗಿ, ಬಟ್ಟೆಯನ್ನು ಹಿಂಡುತ್ತ ನಿಂತಿದ್ದ. ಕೆಲಸ ಹೋಗುವುದಂತೂ ಖಚಿತ, ಕೇಳಿದರೆ ಹೋಗುವುದಕ್ಕೆ ಇನ್ನೇನಿದೆ ಎಂದು ಧೈರ್ಯ ಮಾಡಿದ.

"ಸಾರ್, ನನ್ನದೊಂದು ಕಡತ... ಖಾಯಂ ಮಾಡೋದು..."

"ಓ, ಬೋರ್ಡು ಬರೆಯೋನದ್ದಾ? ಅದು ನಿಂದೇನಾ? ಬೆಳಿಗ್ಗೆ ಹತ್ತು ಗಂಟೆಗೇ ಸಹಿ ಹಾಕಿದೆನಲ್ಲಯ್ಯಾ!"

ಬೋರ್ಡಣ್ಣನಿಗೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು, ಅದೂ ನಗುವ ಮುಖ, ಅವನು ತುಂಬ ದಿನದಿಂದ ನೋಡಿರದಿದ್ದ ಮುಖ.

"ಸಹಿ... ಆಗಿದೆಯಾ ಸಾರ್?"

"ಒಂದಲ್ಲ, ಎಂಬತ್ತು ಕಡತ. ಓದ್ಲಿಲ್ಲ ಕೂಡ. ಹೋಗೋವಾಗ ಎಲ್ಲರಿಗೂ ಒಳ್ಳೇದಾಗ್ಲಿ ಅಂತ ಹಾಕ್ತಾ ಹೋದೆ." ದೊಡ್ಡವರು ಒಮ್ಮೆಲೇ ನಿಂತು ಗಲ್ಲ ಕೆರೆದುಕೊಂಡರು. ಯೋಚನೆಯೊಂದು ಅವರ ಮುಖದ ಮೇಲೆ ಮೋಡದಂತೆ ಸರಿಯಿತು. "ರೀ ಕಾರ್ಯದರ್ಶಿ! ಬೆಳಗಿನ ಕಡತಗಳು ಕೆಳಗೆ ಹೋದ್ವಾ?"

"ಇಲ್ಲ ಸಾರ್, ತಮ್ಮ ಬೀರುವಿನಲ್ಲೇ ಇವೆ."

"ಸದ್ಯ! ಎಲ್ಲಾ ವಾಪಸ್ ತನ್ನಿ, ಹಾಕಿದ ಸಹಿಗಳನ್ನ ಹೊಡೆದು ಹಾಕ್ಬೇಕು. ಅವು ಹೋಗೋ ಮನುಷ್ಯ ಹಾಕಿದ ಸಹಿಗಳು. ಇರೋ ಮನುಷ್ಯ ಯೋಚನೆ ಮಾಡಿ ಹಾಕ್ಬೇಕಲ್ವಾ?"

"ಸಾರ್!" ಬೋರ್ಡಣ್ಣ ಅವರ ದಾರಿಗೆ ಅಡ್ಡ ಬಂದ. "ಒಂದನ್ನ ಮಾತ್ರ ಬಿಡಿ ಸಾರ್!"

"ಒಂದನ್ನ ಬಿಟ್ರೆ ಪಕ್ಷಪಾತ ಆಗುತ್ತೆ." ದೊಡ್ಡವರು ಅವನ ಹೆಗಲ ಮೇಲೆ ಕೈಯಿಟ್ಟರು. ಕೋಪ ಇಳಿದಿತ್ತು. ನಿಜಕ್ಕೂ ಅಕ್ಕರೆಯಿಂದಲೇ ಕೇಳಿದರು: "ಎಷ್ಟು ವರ್ಷ ಆಯ್ತಪ್ಪಾ ನೀನು ದಿನಗೂಲಿ ಮೇಲೆ?"

"ಇಪ್ಪತ್ತೆರಡು ಸಾರ್."

"ರಾಜಕೀಯದಲ್ಲಿ ನಂದು ಮೂವತ್ತು. ನಂದೇನು ಖಾಯಂ ಆಗಿದೆಯಾ? ಐದು ವರ್ಷಕ್ಕೊಂದು ಸಲ ಮನೆಮನೆ ಬಾಗಿಲಿಗೆ ಹೋಗಿ, ಕಂಡಕಂಡವರ ಮುಂದೆ ಹಲ್ಲು ಕಿರಿದು, ಇನ್ನೊಂದು ಅವಕಾಶ ಕೊಡಿ ಅಂತ ಅಂಗಲಾಚ್ತೀನಿ. ನಾನೇನಾದ್ರೂ ಅಳ್ತಿದೀನಾ?"

ಬೋರ್ಡಣ್ಣ ಯೋಚಿಸಿದ. "ಇಲ್ಲ ಸಾರ್," ಎಂದ.

"ಮತ್ತೆ? ಹತ್ತು ಏಣಿ. ಹೆಸರು ಈ ಸಲ ಇನ್ನೂ ದಪ್ಪಗಿರ್ಲಿ. ಕೆಳಗೆ ಎರಡು ಖಾತೆಗೆ ಜಾಗ ಬಿಡು."