ಬರೆಯದೇ ಯಶಸ್ವಿಯಾದ ಸೀಡಿ

ಸೀಡಿ ಬರೆಯುವುದೆಂದರೆ ಏನು ಮಹಾ? ಡಿಸ್ಕ್ ಹಾಕಬೇಕು, ಗುಂಡಿ ಒತ್ತಬೇಕು, ಡಿಸ್ಕ್ ತೆಗೆಯಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ ನನಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಎದುರಾಳಿಯೇ?

ಸಂಗತಿ ಹೀಗಿತ್ತು. ಮೊಳಕಾಲ್ಮೂರಿನಲ್ಲಿ ನಮ್ಮತ್ತೆ ನನ್ನ ಅಕ್ಕನ ಧಾರೆ ಸೀರೆಯನ್ನು ನೇಯುತ್ತಿದ್ದರು. ಅಜ್ಜಿ ಪಕ್ಕದಲ್ಲಿ ಕೂತು ಹಾಡುವುದು, ಆ ಲಯಕ್ಕೆ ಅತ್ತೆ ಮಗ್ಗ ತುಳಿಯುವುದು ಆ ಮನೆಯ ರೂಢಿ. ಗಂಟಲಿನ ಆಪರೇಷನ್ ಆದಮೇಲೆ ಅಜ್ಜಿಯ ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ. ಹಾಡಿಲ್ಲದೆ ಅತ್ತೆಯ ಕೈ ಓಡಲಿಲ್ಲ. ಮದುವೆ ಹತ್ತಿರ ಬಂತು, ಸೀರೆ ಮಾತ್ರ ಅರ್ಧಕ್ಕೇ ನಿಂತಿತು!

ಅಜ್ಜಿಯ ಹಾಡುಗಳನ್ನು ಹಿಂದೊಮ್ಮೆ ನಾನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ.

"ಫೋನಲ್ಲೇ ಹಾಕ್ಕೊಳ್ಳಿ ಅತ್ತೆ," ಎಂದೆ.

"ಹಾಡಿನ ಮಧ್ಯೆ ಯಾರಾದ್ರೂ ಫೋನ್ ಮಾಡ್ತಾರೆ ಕಣೇ. ಕೈಯಾಗೆ ಲಾಳಿ ಇರ್ತೈತೆ, ಎತ್ತೋರ್ಯಾರು? ಸೀಡಿ ಪ್ಲೇಯರ್ ಐತಲ್ಲ, ಅದಕ್ಕೆ ಮಾಡ್ಕೊಡು."

ವಾದದಲ್ಲಿ ಲೋಪವಿರಲಿಲ್ಲ. ಒಪ್ಪಿ ಚಳ್ಳಕೆರೆಗೆ ಮರಳಿದೆ.

"ಬಜಾರಾಗೆ ಕೊಟ್ರೆ ಮಾಡ್ಕೊಡ್ತಾರಲ್ಲೇ," ಎಂದಳು ಅವ್ವ.

"ಮನೇಲಿ ಲಿನಕ್ಸ್ ಇರೋವಾಗ ಬಜಾರ್ ಯಾಕವ್ವ?"

ನಮ್ಮ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿದ್ದು ನಾನೇ, ಅಪ್ಪನೊಂದಿಗೆ ಘನಘೋರ ವಾದ ಮಾಡಿ. ಅದೇ ಲಿನಕ್ಸ್ ಈಗ, ಸೀಡಿ ಡ್ರೈವ್ ಮುಟ್ಟಲು ನನಗೆ ಅನುಮತಿ ಇಲ್ಲವೆಂದಿತು. ಸ್ವಂತ ಮನೆಯಲ್ಲಿ ಅನುಮತಿಯೇ? ಅಂತರ್ಜಾಲದ ಲಿನಕ್ಸ್ ವೇದಿಕೆಯೊಂದನ್ನು ಜಾಲಾಡಿ, ಅಲ್ಲಿನ ಅರ್ಥವಾಗದ ಆಜ್ಞೆಗಳನ್ನೆಲ್ಲ ಬಡಿದು, ಅಂತೂ ಅನುಮತಿ ಪಡೆದೆ.

ಆಗ ಕಂಡಿತು 'ಸಿಮ್ಯುಲೇಟ್' ಎಂಬ ಚೌಕ. ಬರೆಯುವ ಮುನ್ನ ಒಂದು ತಾಲೀಮು! ಮೊದಲು ಪರೀಕ್ಷೆ, ಆಮೇಲೆ ನಂಬಿಕೆ ಎಂಬ ನನ್ನ ಸಿದ್ಧಾಂತವನ್ನು ಕೊನೆಗೂ ಒಂದು ತಂತ್ರಾಂಶ ಒಪ್ಪಿತ್ತು. ಹೆಮ್ಮೆಯಿಂದ ಟಿಕ್ ಹಾಕಿದೆ. ಡ್ರೈವ್ ಗಿರ್ರೆಂದಿತು. 'ಯಶಸ್ವಿ' ಎಂಬ ಹಸಿರು ಅಕ್ಷರ ಬಂತು. ಅದೊಂದನ್ನು ಮಾತ್ರ ಪರೀಕ್ಷಿಸದೆ ನಂಬಿ ಬಸ್ ಹತ್ತಿದೆ.

ಅತ್ತೆಯ ಪ್ಲೇಯರ್ 'ಡಿಸ್ಕ್ ಇಲ್ಲ' ಎಂದಿತು.

"ನಿಮ್ಮ ಪ್ಲೇಯರ್ ಕೆಟ್ಟಿದೆ ಅತ್ತೆ."

ಅತ್ತೆ ಒಂದು ಹಳೆಯ ಭಕ್ತಿಗೀತೆಯ ಸೀಡಿ ಹಾಕಿದರು. ಅದು ಗಟ್ಟಿಯಾಗಿ ಹಾಡಿತು.

"ಒಂದೇ ಸಾಕ್ಷಿ ಸಾಲದು," ಎಂದೆ. ಎರಡನೆಯದೂ ಹಾಡಿತು!

ಆರೋಪಿಯನ್ನು ಬದಲಿಸಿದೆ. ತಪ್ಪು ಡಿಸ್ಕಿನದೇ ಇರಬೇಕು. ಊರಿಗೆ ಬಂದವಳೇ ಡಿಸ್ಕ್ ಮಾರಿದ ಸಾಬರ ಅಂಗಡಿಗೆ ನುಗ್ಗಿದೆ.

"ಅರೆ ಬೇಟಿ, ಮಾಲು ಅಸಲಿ ಐತೆ," ಎಂದರು ಪಾಪ, ಎದೆಯ ಮೇಲೆ ಕೈಯಿಟ್ಟು. ನನ್ನ ವಾಗ್ಝರಿ ತಾಳಲಾರದೆ ಬೇರೆ ಡಿಸ್ಕ್ ಕೊಟ್ಟರು. ಅದೂ ಯಶಸ್ವಿ. ಅತ್ತೆಯ ಪ್ಲೇಯರಿಗೆ ಅದೂ ಖಾಲಿ!

ಅತ್ತೆ ಫೋನ್ ಮಾಡಿದರು. "ಆಗ್ಲಿಲ್ಲಾಂದ್ರೆ ಬಿಡವ್ವ. ನಿಮ್ಮಕ್ಕಂಗೆ ಅಂಗಡಿ ಸೀರೆನೇ ತಂದ್ರಾಯ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಚುಚ್ಚಿತು.

ಉಳಿದ ಆರೋಪಿ ಲಿನಕ್ಸ್ ಒಂದೇ. ಆ ವೇದಿಕೆಯಲ್ಲೇ ದೂರು ಬರೆದೆ: "ಈ ತಂತ್ರಾಂಶವು ಬಳಕೆದಾರರಿಗೆ ನಿರಂತರವಾಗಿ ಸುಳ್ಳು ಹೇಳುತ್ತಿದೆ." ಆಧಾರವಿಲ್ಲದೆ ವಾದಿಸುವವಳಲ್ಲವಲ್ಲ, ಪರದೆಯ ಚಿತ್ರವನ್ನೂ ಲಗತ್ತಿಸಿದೆ. ಕಳಿಸುವ ಮುನ್ನ ಅದನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ. 'ಸಿಮ್ಯುಲೇಟ್' ಪಕ್ಕದಲ್ಲಿ ನಾನೇ ಹಾಕಿದ ಟಿಕ್ ಕೂತಿತ್ತು. ತಂತ್ರಾಂಶ ಪ್ರತಿ ಸಲವೂ ಬರೆದಂತೆ ನಟಿಸಿತ್ತು. ನಟನೆ ನಿಜಕ್ಕೂ ಯಶಸ್ವಿ! ನಾನೇ ಸಲ್ಲಿಸಿದ ಸಾಕ್ಷ್ಯದಿಂದ ನಾನೇ ಸೋತೆ.

ದೂರು ಅಳಿಸಿದೆ. ಟಿಕ್ ತೆಗೆದೆ. ಸೀಡಿ ಬರೆದೆ. ಮೊಳಕಾಲ್ಮೂರಿಗೆ ಹೋಗಿ ಪ್ಲೇಯರಿಗೆ ಹಾಕಿದೆ. ಅಜ್ಜಿಯ ದನಿ ತುಂಬಿ ಬಂತು. ಅತ್ತೆಯ ಕಾಲು ತಾನಾಗಿ ಮಗ್ಗ ತುಳಿಯತೊಡಗಿತು. ಅಜ್ಜಿ ಕಣ್ಣು ಮುಚ್ಚಿ ತಲೆದೂಗಿದಳು. ನನ್ನ ಕಣ್ಣು ಒದ್ದೆಯಾಗುವಷ್ಟರಲ್ಲಿ ಹಾಡು ನಿಂತು ಇನ್ನೊಂದು ದನಿ ಕೇಳಿತು.

"ತಡಿ ಅಜ್ಜಿ, ಮದುಮಗಳಿಗೆ ಮುತ್ತಿನ ಚಪ್ಪರ ಅಂತೀಯಲ್ಲ, ನಮ್ಮೂರಲ್ಲಿ ಮುತ್ತು ಎಲ್ಲಿತ್ತು? ಆಧಾರ ಏನು?"

ನನ್ನದೇ ದನಿ! ಮುಂದಿನ ನುಡಿಯಲ್ಲೂ ಅಡ್ಡ ಬಂದೆ. ಅದರ ಮುಂದಿನದರಲ್ಲೂ. ಅಜ್ಜಿ ಸದ್ದಿಲ್ಲದೆ ಹೊಟ್ಟೆ ಹಿಡಿದು ನಗುತ್ತಿದ್ದಳು.

"ಕತ್ತರಿಸಿ ತರ್ತೀನಿ ಅತ್ತೆ," ಎಂದೆ, ತಲೆಯೆತ್ತದೆ.

"ಬ್ಯಾಡ ಬಿಡೇ. ನೀನು ವಾದ ಮಾಡೋ ಹೊತ್ತಿಗೆ ನಾನು ತುಂಡಾದ ಎಳೆ ಗಂಟಾಕ್ಕೊಳ್ತೀನಿ."

ಸೀರೆ ಮದುವೆಗೆ ಮುಂಚೆಯೇ ಮಗ್ಗದಿಂದ ಇಳಿಯಿತು. ಇಷ್ಟು ವರ್ಷದ ನನ್ನ ವಾದದಿಂದ ಒಬ್ಬರಿಗಾದರೂ ಉಪಕಾರವಾಯಿತಲ್ಲ ಎಂದು ಬೀಗುತ್ತಿದ್ದೆ. ಅತ್ತೆ ಸೀರೆ ಮಡಚುತ್ತಾ ಹೇಳಿದರು: "ಇನ್ನೊಂಚೂರು ಉದ್ದ ಮಾತಾಡಿದ್ರೆ ಕಾಫಿನೂ ಕುಡ್ಕೊಂಡು ಬರ್ತಿದ್ದೆ ಕಣೇ!"