ಅತ್ತೆಯ ಫೋಟೋಕ್ಕೆ ನಾಲ್ಕು ಮೂಲೆ

ಕಾಶಪ್ಪ: ನಲವತ್ತೈದಕ್ಕ ಇಟ್ಟೇನಿ ಅಂದ್ರ ನಲವತ್ತೈದಕ್ಕ ಇಟ್ಟೇನಿ. ಮೂವತ್ತ ವರ್ಸ ಬಡಿಗತನ ಮಾಡಿದಾಂವಗ ಮೂಲಿ ಕೂಡ್ಸೂದು ಕಲಸಾಕ ಬಂದಿ ಏನಲೇ?

ಸಿದರಾಯ: ಮತ್ತ ಮೂಲ್ಯಾಗ ಈ ಸಂದು ಯಾಕ ಬಿತ್ರಿ ಮಾವಾರ? ಕಡ್ಡಿಪೆಟ್ಟಿಗಿ ಕಡ್ಡಿ ಆರಪಾರ ಹೋಗತೈತಿ.

ಕಾಶಪ್ಪ: ನಿನ್ನ ಮಷಿನ್ನ ಕೇಳು. ನನ್ನ ಕರಗಸಾ ಒಂದ ದಿನಾನೂ ಹಿಂಗ ಮಾಡಿಲ್ಲ.

ಜಮಖಂಡಿಯಲ್ಲಿ ತೊಂಬತ್ನಾಲ್ಕರ ಒಂದು ಮುಂಜಾನೆ ನಡೆದ ಜಗಳವಿದು. ಸಿದರಾಯನೆಂದರೆ ಕಾಶಪ್ಪನ ಹೆಂಡತಿ ಇಂದ್ರವ್ವನ ತಮ್ಮ. ಒಂದು ಕಾಲಕ್ಕೆ ಇದೇ ಪಡಸಾಲೆಯಲ್ಲಿ ಕಾಶಪ್ಪನಿಂದ ಕಿವಿ ಹಿಂಡಿಸಿಕೊಂಡು ಉಳಿ ಹಿಡಿಯಲು ಕಲಿತವನು. ಈಗ ಪುಣೆಯ ಫರ್ನಿಚರ್ ಕಾರಖಾನೆಯಲ್ಲಿ ನೌಕರಿ. ಮಾಲಕನನ್ನು ಕಾಡಿಬೇಡಿ ಕರೆಂಟಿನ ಮೈಟರ್ ಗರಗಸವೊಂದನ್ನು ಹೊತ್ತು ತಂದಿದ್ದ.

ನಾಳೆಗೆ ಅಕ್ಕತಮ್ಮರ ತಾಯಿ ಶಂಕ್ರೆವ್ವ ತೀರಿ ಒಂದು ವರ್ಷ. ಆಕೆಯದೆಂದು ಉಳಿದದ್ದು ಒಂದೇ ಫೋಟೋ. ಅದಕ್ಕೆ ಆಕೆಯದೇ ಸಾಗವಾನಿ ಪೆಟ್ಟಿಗೆಯ ಮುಚ್ಚಳದಿಂದ ಚೌಕಟ್ಟು ಆಗಬೇಕೆಂದು ಇಂದ್ರವ್ವನ ಹಟ. ಕಟ್ಟಿಗೆ ಇದ್ದದ್ದು ಅಷ್ಟೇ, ಕೆಟ್ಟರೆ ಬೇರೆ ಇಲ್ಲ. ಹುನ್ನೂರು, ಸಾವಳಗಿಯಿಂದ ಬರುವ ಬೀಗರು ಫೋಟೋ ನೋಡುವವರಲ್ಲ, ಮೂಲೆ ನೋಡುವವರು. ಬಡಿಗನ ಮನೆಯ ಚೌಕಟ್ಟೇ ಬಾಯಿ ಬಿಟ್ಟರೆ ಓಣಿಯಲ್ಲಿ ತಲೆ ಎತ್ತಿ ತಿರುಗುವುದು ಹ್ಯಾಗೆ? ಕಾಶಪ್ಪನ ಬಾಯಿ ಜೋರಾಗಿತ್ತು, ಕೈ ಮಾತ್ರ ಆ ಸಂದನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿತ್ತು.

ಸಿದರಾಯ: ಮೊದಲ ಭಾಗ ತಿಳ್ಕೋರಿ. ಕೆಳಗ ತಿರಗತೈತಲ್ಲ, ಇದು ಟೇಬಲ್. ಹಿಂದ ನಿಂತ ಗ್ವಾಡಿ ಫೆನ್ಸ್. ಕಟ್ಟಿಗಿ ಇದಕ್ಕ ಬೆನ್ನ ಹಚ್ಚಿ ಕುಂಡರಬೇಕು. ಟೇಬಲ್ ತಿರಗಿಸಿ ಕೊಯ್ದ್ರ ಮೈಟರ್ ಕಟ್. ಬ್ಲೇಡಿನ ತಲಿ ವಾಲಿಸಿ ಕೊಯ್ದ್ರ ಬೆವೆಲ್. ಎರಡೂ ಕೂಡಿದ್ರ ಕಾಂಪೌಂಡ್.

ಕಾಶಪ್ಪ: ಹ್ಯಾಂಗ ಕೊಯ್ದ್ರೂ ಓರೇನ ಹೌದಲ್ಲೋ? ಒಂದ ಓರೆಗಿ ಮೂರ ಹೆಸರ ಯಾಕ?

ಸಿದರಾಯ: ಸಾವಳಗಿ ಬಸ್ಸಿನ್ಯಾಗ ಕುಂತೀರಿ ಅನ್ರಿ. ಬಾಜೂದವನ ಕಡೆ ಮಾರಿ ತಿರಗಿಸಿದ್ರ ಅದು ಮೈಟರ್. ನಿದ್ದಿ ಬಂದು ಅವನ ಹೆಗಲ ಮ್ಯಾಲ ತಲಿ ವಾಲಿಸಿದ್ರ ಅದು ಬೆವೆಲ್.

ಕಾಶಪ್ಪ: ಕಾಂಪೌಂಡ್?

ಸಿದರಾಯ: ಅವನ ಮಾರಿ ನೋಡಿಕೋತನ ಅವನ ಮ್ಯಾಲ ಬೀಳೂದು.

ಕಾಶಪ್ಪ: ಅದಕ್ಕ ಆ ಬಸ್ಸಿನ್ಯಾಗ ದಿನಾ ಹೊಡದಾಟ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಇಂದ್ರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಇಂದ್ರವ್ವ: ಬಸ್ಸು ಆಮ್ಯಾಲ ಹೊಂಡಲಿ. ಅವ್ವನ ಚೌಕಟ್ಟು ಎಲ್ಲೀತನ ಬಂತು?

ಸಿದರಾಯ: ಡಿಗ್ರಿ ಅಂಕಿನ ಕಾಣವಲ್ವು ಅಕ್ಕ. ಮಾವಾರ, ಇದರ ಮ್ಯಾಲ ಏನ ಬಳದೀರಿ?

ಕಾಶಪ್ಪ: ವಿಭೂತಿ. ಹೊಸಾ ಹತ್ಯಾರಕ್ಕ ಪೂಜಿ ಮಾಡದ ಕೈ ಹಚ್ಚತಾರೇನು? ಮುಂದ ಹಣಿ ಇದ್ದಂಗ ಇತ್ತು, ಮೂರ ಪಟ್ಟಿ ಎಳದೇನಿ.

ಆ ಹಣೆಯೇ ಡಿಗ್ರಿಯ ಪಟ್ಟಿ. ಸಿದರಾಯ ಟಾವೆಲಿನಿಂದ ಒರೆಸಿ ನೋಡಿದ. ವಿಭೂತಿಯ ಅಂಚನ್ನೇ ನಲವತ್ತೈದರ ಗೆರೆ ಎಂದು ತಿಳಿದು ಕಾಶಪ್ಪ ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸಿದ್ದ. ಕೆಳಗೆ ಇದ್ದದ್ದು ನಲವತ್ತೆರಡು.

ಕಾಶಪ್ಪ: ಶಿವನ ಪಟ್ಟಿ ಸುಳ್ಳ, ನಿನ್ನ ಪಟ್ಟಿ ಖರೆ ಏನು?

ಸಿದರಾಯ: ಮೂಲಿ ಕೂಡೂದಕ್ಕ ನನ್ನದ ಖರೆರಿ.

ನಾಲ್ಕೂ ಪಟ್ಟಿಗಳ ತುದಿಯನ್ನು ಮತ್ತೆ ಕೊಯ್ದದ್ದಾಯಿತು. ಚೌಕಟ್ಟು ಒಂದು ಇಂಚು ಸಣ್ಣದಾಯಿತು. ಮೂಲೆ ಆಗಲೂ ಕೂಡಲಿಲ್ಲ. ಮೇಲಿನ ಪಟ್ಟಿಗಿಂತ ಕೆಳಗಿನದು ಗಿಡ್ಡ.

ಸಿದರಾಯ: ಗೆರಿ ಮ್ಯಾಲ ಬ್ಲೇಡ್ ಇಳಿಸಿದ್ರೇನು? ಬ್ಲೇಡಿಗೂ ದಪ್ಪ ಐತ್ರಿ. ಅದು ತಿಂದ ಹಾದಿಗಿ ಕರ್ಫ್ ಅಂತಾರ. ಗೆರಿ ಬಿಟ್ಟು, ಹೊರಗಿನ ಬಾಜೂಕ ಇಳಿಸಬೇಕು.

ಕಾಶಪ್ಪ: ತಿಂದದ್ದಕ್ಕೂ ಹೆಸರ ಇಟ್ಟಾರ?

ಇಂದ್ರವ್ವ: ಐದ ಸೇರ ಜ್ವಾಳಾ ಕೊಟ್ರ ಐದ ಸೇರ ಹಿಟ್ಟ ಬರತೈತೇನ್ರಿ? ನಡುವ ಗಿರಣಿ ತಿನ್ನೂದಿಲ್ಲ? ಅದ ಇದು.

ಕಾಶಪ್ಪ: ಮೊದಲ ಗಿರಣಿ ಅಂದಿದ್ರ ಆವಾಗನ ತಿಳೀತಿತ್ತು. ಕರ್ಫ್ ಅಂತ, ಕರ್ಫ್.

ಹೆಂಡತಿಗೆ ತಿಳಿದದ್ದು ತನಗೆ ತಿಳಿಯಲಿಲ್ಲವೆಂದು ಅವನಿಗೆ ನಾಚಿಕೆಯಾಯಿತು. ಇತ್ತ ಸಿದರಾಯನಿಗೆ ಹುರುಪು ಬಂದಿತ್ತು. ಬೆವೆಲ್ ಹೀಗೆ, ನೋಡಿರಿ ಹೀಗೆ, ಎಂದು ಬ್ಲೇಡಿನ ತಲೆಯನ್ನು ವಾಲಿಸಿ ಅಕ್ಕನಿಗೂ ತೋರಿಸಿದ. ಆಮೇಲೆ ತೋಳು ಏರಿಸಿ, ಈ ಸಲ ನಾ ಕೊಯ್ತೇನಿ ಎಂದು ನಾಲ್ಕು ಪಟ್ಟಿಯನ್ನೂ ಬರ್‍ರನೆ ಕೊಯ್ದ. ಜೋಡಿಸಿದರೆ ಮೂಲೆ ಮುಂದೆ ಕೂಡಿ ಹಿಂದೆ ಬಾಯಿ ಬಿಟ್ಟಿತು. ವಾಲಿಸಿದ ತಲೆಯನ್ನು ನೆಟ್ಟಗೆ ಮಾಡುವುದನ್ನೇ ಮರೆತಿದ್ದ.

ಕಾಶಪ್ಪ ಅವಸರ ಮಾಡಲಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಸುಣ್ಣ ಹಚ್ಚಿ, ಮೆದ್ದು, ಆಮೇಲೆ ಕೇಳಿದ.

ಕಾಶಪ್ಪ: ಸಿದರಾಯಾ, ಮಾರಿ ನೋಡಿಕೋತ ಮ್ಯಾಲ ಬಿದ್ದದ್ದಕ್ಕ ಏನಂತಾರಪಾ?

ಸಿದರಾಯ: ಕಾಂಪೌಂಡ್ರಿ.

ನಾಲ್ಕನೆಯ ಸಲ ಚೌಕಟ್ಟು ಕೂಡಿತು. ಮೂಲೆ ಗಟ್ಟಿ. ಆದರೆ ಫೋಟೋ ಇಪ್ಪತ್ತು ಇಂಚು ಅಗಲ, ಚೌಕಟ್ಟು ಹದಿನೇಳು.

ಇಂದ್ರವ್ವ ಫೋಟೋ ತಂದು ಹಾಸಿದಳು. ಆಕೆ ಬಾಣಂತಿಯಾಗಿದ್ದಾಗ ಮುಧೋಳದಲ್ಲಿ ತೆಗೆಸಿದ್ದು, ಅದಕ್ಕೆ ಆಕೆ ಅದರಲ್ಲಿಲ್ಲ. ನಡುವೆ ಕುರ್ಚಿಯಲ್ಲಿ ಶಂಕ್ರೆವ್ವ, ಎಡಕ್ಕೆ ಅಳಿಯ ಕಾಶಪ್ಪ, ಬಲಕ್ಕೆ ಮಗ ಸಿದರಾಯ. ಅವತ್ತೂ ಇಬ್ಬರಿಗೂ ಮಾತಿರಲಿಲ್ಲವಾಗಿ ಕುರ್ಚಿಯಿಂದ ಮಾರು ದೂರ ಸರಿದು ನಿಂತಿದ್ದರು. ಮೇಲಿನ ಪರದೆ, ಕೆಳಗಿನ ಜಮಖಾನೆ ಕತ್ತರಿಸಿದರೆ ಯಾರಿಗೂ ನೋವಿಲ್ಲ. ಅಗಲದಲ್ಲಿ ಯಾರನ್ನು ಕತ್ತರಿಸುವುದು?

ಸಿದರಾಯ: ಬಲಕ್ಕ ಸರಸು ಅಕ್ಕ. ನಾ ಆಕಿ ಹೊಟ್ಟೀಲೆ ಹುಟ್ಟಿದ ಮಗಾ.

ಕಾಶಪ್ಪ: ಎಡಕ್ಕ ಸರಸ. ಕಡೀ ಮೂರ ವರ್ಸ ಔಷಧ ಕುಡಿಸಿದಾಂವ ಯಾರಲೇ? ಪುಣೇದಾಗ ನಿಂತು ನೀ ಕುಡಿಸಿದೇನು?

ಸಿದರಾಯನ ಮುಖ ಬಾಡಿತು. ಆ ಮಾತು ಆಡಬಾರದಿತ್ತೆಂದು ಕಾಶಪ್ಪನಿಗೆ ಕೆಡುಕೆನಿಸಿತು. ಅತ್ತೆ ತೀರಿದ ದಿನ ಇದೇ ಹುಡುಗ ಬಸ್ಸಿಳಿದು ಓಡಿಬಂದು ತನ್ನ ಹೆಗಲ ಮೇಲೆಯೇ ಬಿದ್ದು ಅತ್ತಿದ್ದ; ತಾನೂ ಅತ್ತಿದ್ದ. ಅಷ್ಟಾದರೂ ಫೋಟೋದ ಜಾಗ ಬಿಡಲು ಅವನಿಗೆ ಮನಸ್ಸು ಬರಲಿಲ್ಲ.

ಇಂದ್ರವ್ವ ಚೌಕಟ್ಟನ್ನು ಸರಿಯಾಗಿ ನಡುವೆ ಇಟ್ಟಳು. ಎರಡೂ ಕಡೆ ಅರ್ಧ ಅರ್ಧ ಗಂಡಸು ಒಳಗೆ ಉಳಿದರು.

ಇಂದ್ರವ್ವ: ಆತು, ಇಬ್ರೂ ಸಮಾ ಇರ್ರಿ. ಹೂಗಾರಗ ಹೇಳಿ ಬರತೇನಿ. ನಾಳಿಗಿ ಮಾಲಿ ಒಂದ ಸಾಕೋ, ಮೂರ ಬೇಕೋ?

ಕಾಶಪ್ಪ: ಎದರ ಮಾಲಿ?

ಇಂದ್ರವ್ವ: ಸತ್ತವರ ಫೋಟೋಕ್ಕ ಮಾಲಿ ಹಾಕೂದಿಲ್ಲೇನ್ರಿ? ಮಾಲಿ ಹಾಕಿ, ಊದಿನಕಡ್ಡಿ ಹಚ್ಚಿ, ಎಡಿ ಹಿಡೀತೇವಿ. ಬಂದ ಬೀಗರೆಲ್ಲ ಕೈ ಮುಗೀತಾರ. ಚೌಕಟ್ಟಿನ್ಯಾಗ ಯಾರ್‍ಯಾರ ಇರತಾರ ಅವರಿಗೆಲ್ಲ.

ಕಾಶಪ್ಪ ಬಾಯಲ್ಲಿದ್ದ ಎಲೆಯನ್ನು ಮೆಲ್ಲುವುದು ಮರೆತ.

ಕಾಶಪ್ಪ: ಸಿದರಾಯಾ, ಹೊಟ್ಟೀಲೆ ಹುಟ್ಟಿದ ಮಗಾ. ನೀನ ಇರಪಾ.

ಸಿದರಾಯ: ಛೇ ಛೇ, ಔಷಧ ಕುಡಿಸಿದವರು ನೀವ್ರಿ ಮಾವಾರ. ದೊಡ್ಡವರು ಬ್ಯಾರೆ.

ಇಂದ್ರವ್ವ: ಸದ್ಯೇಕ ಇಬ್ರೂ ಅರ್ಧಾ ಒಳಗ ಅದೀರಿ.

ಕಾಶಪ್ಪ ಎದ್ದ. ಅತ್ತೆಯ ಕುರ್ಚಿ ನಡುವೆ ಉಳಿದು ತಾವಿಬ್ಬರೂ ಪೂರ್ತಿ ಹೊರಗಾಗುವಂತೆ ಅಳತೆ ಹಿಡಿದ: ಹದಿಮೂರು ಇಂಚು. ಯಾರನ್ನೂ ಕೇಳದೆ ಡಿಗ್ರಿಯ ಪಟ್ಟಿಯನ್ನು ಧೋತರದ ಚುಂಗಿನಿಂದ ಮತ್ತೊಮ್ಮೆ ಒರೆಸಿ ಮುಳ್ಳನ್ನು ನಲವತ್ತೈದಕ್ಕೆ ತಂದ. ಬ್ಲೇಡಿನ ತಲೆ ನೆಟ್ಟಗಿದೆಯೆಂದು ಮೂಲೆಮಟ್ಟ ನೋಡುವ ಗುಣ್ಯಾ ಹಿಡಿದು ನೋಡಿದ. ಕಟ್ಟಿಗೆಯ ಬೆನ್ನನ್ನು ಫೆನ್ಸಿಗೆ ಒತ್ತಿ, ಗಿರಣಿಯ ಪಾಲನ್ನು ಗೆರೆಯ ಹೊರಗೆ ಬಿಟ್ಟು, ಮೇಲಿನ ಪಟ್ಟಿ ಕೆಳಗಿನ ಪಟ್ಟಿ ಎರಡನ್ನೂ ಕೊಯ್ದ. ಜೋಡಿಸಿದ. ಯಾವ ಮೂಲೆಯಲ್ಲೂ ಕೂದಲು ತೂರುವಷ್ಟು ಸಂದಿರಲಿಲ್ಲ.

ಸಿದರಾಯ: ಮುಂಜಾನಿಂದ ಬಡಕೊಂಡ್ರೂ ತಿಳೀಲಿಲ್ಲ. ಈಗ ಹ್ಯಾಂಗ ತಿಳೀತ್ರಿ ಮಾವಾರ?

ಕಾಶಪ್ಪ: ನಿಮ್ಮವ್ವ ಬಾಜೂಕ ಬಾ ಅಂತ ಕೈ ಮಾಡಿ ಕರದಂಗಾತು. ಎಲ್ಲಾ ಭಾಗ ಒಮ್ಮೆಲೆ ತಿಳದ್ವು ನೋಡು.