ಗೋಣಿಚೀಲ ಹೊದ್ದ ಶೀತಲ ಯಂತ್ರ

ಹಾಲನ್ನು ತಂಪಾಗಿಡುವ ಉಪಕರಣಗಳ ಇತಿಹಾಸದಲ್ಲಿ ಯಲಬುರ್ಗಾ ತಾಲೂಕಿಗೆ ಗೌರವದ ಸ್ಥಾನವಿದೆ. ಅಲ್ಲಗಳೆಯುವವರು ಇತಿಹಾಸವನ್ನು ಸರಿಯಾಗಿ ಓದಿದವರಲ್ಲ.

ಮೊದಲು ಗೋಣಿಚೀಲವಿತ್ತು. ಮುಂಜಾನೆ ಹಿಂಡಿದ ಹಾಲಿನ ಕ್ಯಾನಿಗೆ ತೊಯ್ಸಿದ ಚೀಲ ಸುತ್ತಿ, ಹಾಲಿನ ಸಂಘದ ಕತ್ತಲೆ ಕೋಣೆಯಲ್ಲಿ ಇಡುತ್ತಿದ್ದರು. ಮಧ್ಯಾಹ್ನ ಲಾರಿ ಬರುವವರೆಗೆ ಹಾಲು ಕೆಡುತ್ತಿರಲಿಲ್ಲ. ಇದು ಅವೈಜ್ಞಾನಿಕವೆಂದು, ಹಾಲು ಒಕ್ಕೂಟದ ಕಚೇರಿಯ ಆದೇಶದಂತೆ ಗಂಗಾವತಿಯಿಂದ ಬಸ್ಸಿನಲ್ಲಿ ಮಂಜುಗಡ್ಡೆ ತರಿಸಲಾಯಿತು. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದರು. ಇಳಿಸುವಾಗ ಗಡ್ಡೆ ಇರಲಿಲ್ಲ, ಟಿಕೆಟ್ ಇತ್ತು. ಟಿಕೆಟ್ ತಲುಪಿದ ಮೇಲೆ ಮಂಜುಗಡ್ಡೆಯೂ ತಲುಪಿದೆಯೆಂದೇ ಅರ್ಥ ಎಂದು ಕಚೇರಿ ಸ್ಪಷ್ಟಪಡಿಸಿತು.

ಈ ಬೇಸಿಗೆಯಲ್ಲಿ ಯಂತ್ರವೇ ಬಂತು. ಥಳಥಳಿಸುವ ಉಕ್ಕಿನ ತೊಟ್ಟಿ. ಅದಕ್ಕೆ ಬೇಕಾದ ವಿದ್ಯುತ್ತು ಮಾತ್ರ ಮುಂದಿನ ಹಂತದ್ದು. ‘ತಂಪಾದ ಸ್ಥಳದಲ್ಲಿ ಇಡತಕ್ಕದ್ದು’ ಎಂದು ಯಂತ್ರದ ಮೇಲೆ ಬರೆದಿತ್ತು. ಊರಿನಲ್ಲಿ ತಂಪಾದ ಸ್ಥಳ ಒಂದೇ. ಯಂತ್ರ ಕತ್ತಲೆ ಕೋಣೆಗೆ ಹೋಯಿತು, ಕ್ಯಾನುಗಳು ಅಂಗಳಕ್ಕೆ ಬಂದವು.

ಎರಡು ಎಮ್ಮೆಗಳ ಹಾಲಿನಿಂದ ಸಂಸಾರ ನಡೆಸುವ ಹುಲಿಗವ್ವ, ಸಂಘದ ಕಾರ್ಯದರ್ಶಿ ಶರಣಬಸಪ್ಪನ ಎದುರು ನಿಂತಳು.

“ತಮ್ಮಾ, ಹಾಲು ಬಿಸಲಾಗ, ಡಬ್ಬಿ ನೆರಳಾಗ. ಒಡದ ಹಾಲು ಲಾರಿಯಾಂವ ಒಲ್ಲೆ ಅಂತಾನ. ನನ್ನ ಎಮ್ಮಿಗೆ ಹಿಂಡಿ ಈ ಡಬ್ಬಿ ಹಾಕತೈತೇನು?”

“ಯಕ್ಕಾ, ಡಬ್ಬಿ ಅನಬ್ಯಾಡ. ಸಾಹೇಬ್ರು ಒಳಗ ಅದಾರ.”

ಒಳಗಿದ್ದ ಒಕ್ಕೂಟದ ಅಧಿಕಾರಿ ಗೋವಿಂದರಾಜರು ಯಂತ್ರದ ಮೈ ಮುಟ್ಟಿ ನೋಡಿ ಗಾಬರಿಯಾದರು. “ಶರಣಬಸಪ್ಪ, ಇದು ಬೆಚ್ಚಗ ಐತಿ! ತಪಾಸಣಾದಾಗ ತಂಪು ಮಾಡೋ ಯಂತ್ರನ ಬೆಚ್ಚಗಿದ್ರ ನನ್ನ ನೌಕ್ರಿ ಉಳಿತೈತೇನು?”

ಅಂದೇ ಪ್ರಕಟಣೆ ಹೊರಟಿತು: ‘ಶೀತಲ ಯಂತ್ರವನ್ನು ತಂಪಾಗಿಡುವುದು ಪ್ರತಿಯೊಬ್ಬ ಹಾಲು ಉತ್ಪಾದಕರ ಹೊಣೆ. ಎಲ್ಲ ಗೋಣಿಚೀಲಗಳನ್ನು ತೊಯ್ಸಿ ಯಂತ್ರಕ್ಕೆ ಹೊದಿಸತಕ್ಕದ್ದು. ಹಾಲಿಗೆ ಚೀಲ ಸುತ್ತುವುದನ್ನು ನಿಷೇಧಿಸಿದೆ.’

“ಹಾಲಿಗೆ ಸುತ್ತಿದ್ರ ತಪ್ಪು, ಇದಕ್ಕ ಸುತ್ತಿದ್ರ ವಿಜ್ಞಾನ ಏನ್ರಿ ಸಾಹೇಬ್ರ?” ಎಂದಳು ಹುಲಿಗವ್ವ.

“ಹೌದವಾ. ಯಂತ್ರ ವೈಜ್ಞಾನಿಕ ಐತಿ. ಅದಕ್ಕ ಏನು ಸುತ್ತಿದ್ರೂ ವಿಜ್ಞಾನನ.”

ಚೀಲಗಳನ್ನು ಅಂಚು ಸಮವಾಗಿ ಕತ್ತರಿಸಿ, ನೀಟಾಗಿ ಹೊಲಿದು ಹೊದಿಸಲಾಯಿತು. ಶಿಸ್ತಿನಲ್ಲಿ ಕೊರತೆಯಿರಲಿಲ್ಲ. ಮೂರು ದಿನ ಲಾರಿ ಖಾಲಿ ಹೋಯಿತು. ನಾಲ್ಕನೆಯ ದಿನ ಹುಲಿಗವ್ವ ಹಾಲು ತರಲಿಲ್ಲ. ಮನೆಯಲ್ಲೇ ಹೆಪ್ಪು ಹಾಕಿ, ಕಡೆದು, ಮಜ್ಜಿಗೆಯ ಗಡಿಗೆಯನ್ನು ಯಂತ್ರದ ಪಕ್ಕ ಅದೇ ಚೀಲದಡಿ ತೂರಿಸಿದಳು. ನಿಷೇಧವಿದ್ದದ್ದು ಹಾಲಿಗೆ, ಮಜ್ಜಿಗೆಯ ಬಗ್ಗೆ ನಿಯಮ ಮೌನವಾಗಿತ್ತು.

ಅಷ್ಟರಲ್ಲಿ ಕೊಪ್ಪಳದಿಂದ ತಪಾಸಣಾ ತಂಡ ಬಂತು. ಮುಖ್ಯಸ್ಥರು ಚೀಲ ಸರಿಸಿ ಯಂತ್ರ ಮುಟ್ಟಿದರು.

“ಭಾಳ ತಂಪೈತಿ! ಹಾಲು ಎಲ್ಲಿ?”

“ಹಾಲು ಹಾಕಿದ್ರ ತಂಪು ಕಡಿಮಿ ಆಗತೈತ್ರಿ,” ಎಂದರು ಗೋವಿಂದರಾಜರು.

ಮುಖ್ಯಸ್ಥರು ಒಪ್ಪಿ ತಲೆಯಾಡಿಸಿದರು. ಬಿಸಿಲಿಗೆ ಬಾಯಾರಿದ್ದ ಅವರಿಗೆ ಹುಲಿಗವ್ವ ಗಡಿಗೆ ತೆಗೆದು ಮಜ್ಜಿಗೆ ಕೊಟ್ಟಳು. ಒಂದು ಗುಟುಕಿಗೇ ವರದಿ ಸಿದ್ಧವಾಯಿತು: ‘ಯಂತ್ರದ ಸಾಮರ್ಥ್ಯವನ್ನು ಖುದ್ದಾಗಿ ಕುಡಿದು ಪರಿಶೀಲಿಸಲಾಗಿದೆ.’

ಈಗ ಕುಷ್ಟಗಿ ಕಡೆಯ ಸಂಘಗಳವರು ಬಸ್ಸು ಹತ್ತಿ ಯಂತ್ರ ನೋಡಲು ಬರುತ್ತಾರೆ, ಹುಲಿಗವ್ವನ ಮಜ್ಜಿಗೆ ಕೊಂಡು ಕುಡಿದು, ಚೀಲ ತೊಯ್ಸುವ ತರಬೇತಿ ಪಡೆದು ಹೋಗುತ್ತಾರೆ. ಚೀಲಕ್ಕೆ ನೀರು ಹಾಕುವ ಕೆಲಸಕ್ಕೆ ಹುಲಿಗವ್ವನನ್ನೇ ನೇಮಿಸಿದ್ದಾರೆ. ಎಮ್ಮೆಗಳಿಗೆ ಹಿಂಡಿ ತಪ್ಪಿಲ್ಲ. ಲಾರಿ ಬರುವುದನ್ನು ನಿಲ್ಲಿಸಿದೆ, ಯಾರೂ ಗಮನಿಸಿಲ್ಲ.

ಮೊನ್ನೆ ಗೋವಿಂದರಾಜರು ಬಂದಾಗ ಹುಲಿಗವ್ವ ಅರ್ಜಿ ಸಲ್ಲಿಸುವ ಗಾಂಭೀರ್ಯದಿಂದ ಕೇಳಿದಳು:

“ಸಾಹೇಬ್ರ, ಎರಡನೇ ಡಬ್ಬಿ ಯಾವಾಗ ಬರತೈತ್ರಿ? ಗಡಿಗಿ ಇಡಾಕ ಜಾಗ ಸಾಲವಲ್ದು.”